ಉಸ್ತಾದರ ಮೇಲೆ ನನ್ನನ್ನು ಗೆಲ್ಲಿಸಿದ ಮುಷ್ಟಿಮಿತ್ರರಿಗೆ

ಚನ್ನಗಿರಿ, ಶಿವಮೊಗ್ಗ ಜಿಲ್ಲೆ
ಜುಲೈ ೧೯೮೩

ಮಾನ್ಯರೇ,

'ಕ್ರೀಡಾ ಕಹಳೆ' ವಾರಪತ್ರಿಕೆಯಲ್ಲಿ 'ಕಾಲ ಮೀರಿದ ಕಾಳಗ' ಎಂಬ ಅಂಕಣವನ್ನು ಬರೆಯುತ್ತಿರುವವರೂ, ಸಮಾಧಿಯಲ್ಲಿ ನೆಮ್ಮದಿಯಾಗಿ ಮಲಗಿರುವವರನ್ನು ಎಬ್ಬಿಸಿ ಅವರ ಕೈಗೆ ಗ್ಲೌಸು ತೊಡಿಸುವ ಅಪರೂಪದ ಶಕ್ತಿಯುಳ್ಳವರೂ ಆದ ಶ್ರೀ ಮುಷ್ಟಿಮಿತ್ರರ ದಿವ್ಯ ಸನ್ನಿಧಿಗೆ, ಚನ್ನಗಿರಿಯ ಸೈಕಲ್ ಶಾಪಿನ ಮಾಲೀಕನೂ ಮಾಜಿ ಪೈಲ್ವಾನನೂ ಆದ ಖಾಜಾಸಾಬ್ ಮಾಡುವ ಸಲಾಮುಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಮೇ ತಿಂಗಳಲ್ಲಿ ತಮ್ಮ ಒಂಬತ್ತನೆಯ ಕಾಳಗ ಅಚ್ಚಾಗುವವರೆಗೆ ನಾನೂ ಕ್ಷೇಮವಾಗಿಯೇ ಇದ್ದೆ.

ಮೊದಲು ತಮ್ಮನ್ನು ಹೊಗಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು. ಬರಿಗೈಯಲ್ಲಿ ಗುದ್ದಾಡುತ್ತಿದ್ದ ಹಳೆಯ ಕಾಲದ ಇಂಗ್ಲೆಂಡಿನ ಮೀಸೆ ಬಾಕ್ಸರನ್ನು ತಾವು ಎಬ್ಬಿಸಿ ತಂದು, ಟಿ.ವಿ. ಕಾಲದ ಅಮೆರಿಕದ ಬಾಕ್ಸರಿನ ಮುಂದೆ ನಿಲ್ಲಿಸಿ ಹದಿನೈದು ಸುತ್ತು ಆಡಿಸಿದಿರಲ್ಲ, ಆ ವಾರ ನನ್ನ ಶಾಪಿಗೆ ಪಂಕ್ಚರ್ ಹಾಕಿಸಲು ಬಂದವರೆಲ್ಲ ಪಂಕ್ಚರ್ ಮರೆತು ವಾದಕ್ಕೆ ನಿಂತರು. ಮೀಸೆಯವನು ಅಂಕಗಳ ಲೆಕ್ಕದಲ್ಲಿ ಸೋತನೆಂಬ ತಮ್ಮ ತೀರ್ಪು ಮಾತ್ರ ಇಲ್ಲಿ ಒಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಅಡಿಕೆ ವ್ಯಾಪಾರದ ಷಣ್ಮುಖಪ್ಪನವರು ಪತ್ರಿಕೆಯನ್ನು ಮೊಳಕಾಲ ಮೇಲೆ ಬಡಿದು, "ಅಲ್ರೀ ಸಾಬ್ರೇ, ಮನುಷ್ಯ ನಿಂತೇ ಅದಾನೆ. ಬೆನ್ನಿಗೆ ಮಣ್ಣು ಹತ್ತಿಲ್ಲ. ಸೋಲು ಹೆಂಗಾಗ್ತೈತೆ?" ಎಂದು ಕೇಳಿದರು. ನಮ್ಮ ಕಡೆ ಗರಡಿ ಮನೆಯ ನ್ಯಾಯ ಅದು. ನಿಂತವನನ್ನು ಸೋಲಿಸಬಲ್ಲ ಪೈಲ್ವಾನ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ, ತಾವು ಮಾತ್ರ ಪೆನ್ನು ಹಿಡಿದು ವಾರಕ್ಕೊಬ್ಬನನ್ನು ಸೋಲಿಸುತ್ತಿದ್ದೀರಿ.

ಹೀಗೆ ಎಂಟು ವಾರ ಸಂತೋಷವಾಗಿ ಕಳೆಯಿತು. ಅಷ್ಟರಲ್ಲಿ ಪರದೇಶದ ಬಾಕ್ಸರುಗಳ ದಾಸ್ತಾನು ಮುಗಿಯಿತೋ ಏನೋ, ತಮ್ಮ ಕೃಪಾದೃಷ್ಟಿ ನಮ್ಮ ತಾಲೂಕುಗಳ ಮೇಲೆ ಬಿತ್ತು. ಹೊನ್ನಾಳಿ ತಾಲೂಕಿನ ಗೋವಿನಕೋವಿಯ ದಿವಂಗತ ಕಲ್ಲೇಶಪ್ಪ ಪೈಲ್ವಾನರನ್ನು ೧೯೩೨ನೇ ಇಸವಿಯಿಂದಲೂ, ಈ ಬಡಪಾಯಿಯನ್ನು ೧೯೫೭ರಿಂದಲೂ ಎತ್ತಿ ತಂದು, ಇಬ್ಬರಿಗೂ ಜನ್ಮದಲ್ಲಿ ಮುಟ್ಟದ ಗ್ಲೌಸು ಕಟ್ಟಿ, ಕುಸ್ತಿಯವರನ್ನು ಬಾಕ್ಸಿಂಗಿಗೆ ಇಳಿಸಿ, ಹನ್ನೆರಡು ಸುತ್ತಿನ ಕೊನೆಗೆ ಖಾಜಾಸಾಬ್ ಅಂಕಗಳ ಮೇಲೆ ಗೆದ್ದನೆಂದು ಘೋಷಿಸಿದಿರಿ. ಉಸ್ತಾದರ ತೂಕವನ್ನು ಕಿಲೋಗ್ರಾಂನಲ್ಲಿ ಬರೆದಿರಿ. ಮಣದ ಲೆಕ್ಕದಲ್ಲಿ ತೂಗಿಸಿಕೊಂಡು ಬಾಳಿದ ಮನುಷ್ಯ ಅವರು, ಹೊಸ ಲೆಕ್ಕದಲ್ಲಿ ತೂಗಿದರೆ ಸೊರಗಿದಂತೆ ಕಾಣುವುದು ಸಹಜವೇ.

ಇಲ್ಲಿ ಒಂದು ಸಣ್ಣ ವಿಷಯ ತಮ್ಮ ಗಮನಕ್ಕೆ ಬರದೇ ಹೋಗಿದೆ. ಕಲ್ಲೇಶಪ್ಪನವರು ನನ್ನ ಉಸ್ತಾದರು. ಗೋವಿನಕೋವಿಯಲ್ಲೇ ಹುಟ್ಟಿದ ನನ್ನನ್ನು ಗರಡಿಗೆ ಸೇರಿಸಿಕೊಂಡು, ಸಾಮು ಮಾಡಿಸಿ, ನನಗೆ ಬರುವ ಒಂದೊಂದು ಪಟ್ಟನ್ನೂ ಕಲಿಸಿದವರು. ಅವರ ಮನೆಯಾಕೆ ಕಸ್ತೂರಮ್ಮನವರು ನನಗೆ ಜೋಳದ ರೊಟ್ಟಿ, ಬೆಣ್ಣೆ ಹಾಕಿ ಈ ಮೈ ಮಾಡಿದವರು. ೧೯೩೨ರ ಉಸ್ತಾದರಿಗೆ ನನ್ನ ಪರಿಚಯವೇ ಇರಲಿಲ್ಲವಲ್ಲ, ನಾನಿನ್ನೂ ತೊಟ್ಟಿಲಲ್ಲಿದ್ದೆನಲ್ಲ ಎಂದು ತಾವು ವಾದಿಸಬಹುದು. ಅವರಿಗೆ ನನ್ನ ಗುರುತು ಇರಲಿಕ್ಕಿಲ್ಲ ಸ್ವಾಮೀ, ೧೯೫೭ರ ನನಗೆ ಅವರ ಗುರುತು ಇತ್ತು.

ಪತ್ರಿಕೆ ಬಂದ ದಿನ ಚನ್ನಗಿರಿಯಲ್ಲಿ ನನಗೆ ಹಾರ ಹಾಕಿದರು. ಹೋಟೆಲಿನವರು ಟೀ ಕೊಟ್ಟು ದುಡ್ಡು ಬೇಡವೆಂದರು. ದಾವಣಗೆರೆ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತೇ ಮುಷ್ಟಿ ತೋರಿಸಿ ಸಲಾಮು ಹೊಡೆದ. ನನ್ನ ಮನೆಯಾಕೆ ಆಮಿನಾ ಒಬ್ಬಳೇ ಹಾರವನ್ನು ನೋಡಿ, "ಇದನ್ನ ಕೊಳ್ಳಾಗೆ ಹಾಕ್ಕೊಂಡು ಗೋವಿನಕೋವಿಗೆ ಹೋಗ್ತೀರಾ ನೀವು?" ಎಂದು ಕೇಳಿ ಒಳಗೆ ಹೋದಳು. ನಾನು ಹಾರ ತೆಗೆದಿಟ್ಟೆ.

ಪ್ರತಿ ವರ್ಷ ಬೇಸಿಗೆಯಲ್ಲಿ ಕಸ್ತೂರಮ್ಮನವರು ಶಾವಿಗೆ ಹೊಸೆದು, ಒಣಗಿಸಿ, ನಮ್ಮ ರಂಜಾನ್ ಹಬ್ಬಕ್ಕೆಂದು ಬುಟ್ಟಿಯಲ್ಲಿ ತುಂಬಿ ಕಳಿಸುತ್ತಾರೆ. ಉಸ್ತಾದರು ತೀರಿಕೊಂಡ ವರ್ಷವೂ ಅದು ತಪ್ಪಿರಲಿಲ್ಲ. ಈ ವರ್ಷ ಉಪವಾಸ ಶುರುವಾಗಿ ಹಬ್ಬ ಹತ್ತಿರ ಬಂದರೂ ಬುಟ್ಟಿಯ ಸುಳಿವಿಲ್ಲ. ಅಂಗಡಿಯ ಶಾವಿಗೆ ತರಲೇ ಎಂದು ಆಮಿನಾ ಕೇಳಿದಳು. ಬಸ್ಸು ಹತ್ತಿ ಗೋವಿನಕೋವಿಗೆ ಹೋದೆ.

ಕಸ್ತೂರಮ್ಮನವರು ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಿಪ್ಪೇರುದ್ರಸ್ವಾಮಿಯವರು ಅವರಿಗೆ ವಾರವಾರವೂ ತಮ್ಮ ಅಂಕಣವನ್ನು ಓದಿ ಹೇಳುತ್ತಾರಂತೆ, ಬರೀ ಓದುವುದಲ್ಲ, ಎದ್ದು ನಿಂತು ಅಭಿನಯಿಸಿಯೇ ಓದುತ್ತಾರಂತೆ. ಆರನೆಯ ಸುತ್ತಿನಲ್ಲಿ ನಾನು ಉಸ್ತಾದರ ಮೂಗಿಗೆ ಬಾರಿಸಿದ ಭಾಗ ಕೇಳಿ ಈ ತಾಯಿ ಎದ್ದು ಒಳಗೆ ಹೋದವರು ಆ ರಾತ್ರಿ ಊಟವನ್ನೇ ಮಾಡಲಿಲ್ಲವಂತೆ.

"ಸೋತಿದ್ದಕ್ಕೆ ನಂಗೇನು ಬ್ಯಾಸರಿಲ್ಲ ಖಾಜಾ. ಸೋಲು ಗೆಲುವು ಗರಡಿಯಾಗೆ ಇದ್ದಿದ್ದೇ. ಆದ್ರೆ ನಿಮ್ಮ ಉಸ್ತಾದರ ಮಕಕ್ಕೆ ಹೊಡೆದ್ಯಂತಲ್ಲೋ" ಎಂದರು. ಕುಸ್ತಿಯಲ್ಲಿ ಯಾರೂ ಯಾರ ಮುಖಕ್ಕೂ ಹೊಡೆಯುವುದಿಲ್ಲವೆಂಬುದು ತಮಗೆ ಗೊತ್ತಿರಲಿಕ್ಕಿಲ್ಲ. ನಾನು ಅವರ ಕಾಲ ಬಳಿ ಕುಳಿತು, ಅದೆಲ್ಲ ಕಲ್ಪನೆ, ಪೇಪರಿನವರು ಸುಮ್ಮನೆ ಬರೆದದ್ದು ಎಂದು ಬೇಡಿಕೊಂಡೆ. ಅವರೇನು ತಿಳಿಯದವರೇ? "ಕಲ್ಪನೆ ಅಂತ ನಂಗೂ ಗೊತ್ತೈತೆ, ಮೇಷ್ಟ್ರು ಹೇಳ್ಯಾರೆ. ಕಲ್ಪನೆಯಾಗಾದ್ರೂ ನೀನು ಕೈ ಎತ್ತಬಾರದಿತ್ತು" ಎಂದರು. ನಾನು ಅಂದೇ ತಮಗೊಂದು ಖಾಸಗಿ ಪತ್ರ ಬರೆದೆ. ಗುರು ಶಿಷ್ಯರ ಪಂದ್ಯವನ್ನು ರದ್ದು ಮಾಡಬೇಕೆಂದು ಕೇಳಿದೆ. ಸಾವಿರಾರು ಓದುಗರು ಮೆಚ್ಚಿದ್ದಾರೆ, ಫಲಿತಾಂಶ ಬದಲಿಸಲು ಬರುವುದಿಲ್ಲ, ಗೆಲುವಿಗೆ ಅಭಿನಂದನೆಗಳು ಎಂದು ತಾವು ಕಾರ್ಡು ಹಾಕಿದಿರಿ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಆ ಅಭಿನಂದನೆಯೇ ಕಾರಣ.

ಕಾರ್ಡು ಜೇಬಿನಲ್ಲಿಟ್ಟುಕೊಂಡು ಹಬ್ಬಕ್ಕೆ ಮೊದಲು ಮತ್ತೊಮ್ಮೆ ಹೋದೆ. ಕಸ್ತೂರಮ್ಮನವರು ಆಗಲೂ ಮುಖ ತಿರುಗಿಸಿಯೇ ಕುಳಿತಿದ್ದರು. ಮೇಷ್ಟ್ರ ಕೈಯಿಂದ ಪತ್ರಿಕೆ ಇಸಿದುಕೊಂಡು ಮೊದಲಿನಿಂದ ನಾನೇ ಓದತೊಡಗಿದೆ. ಮೂರನೆಯ ಸುತ್ತಿಗೆ ಬಂದೆ. "ಕಲ್ಲೇಶಪ್ಪನವರ ಬಲಗೈ ಸಿಡಿಲಿನಂತೆ ಎರಗಿತು, ಖಾಜಾಸಾಬನ ಎಡಗಣ್ಣು ಊದಿ ಮುಚ್ಚಿಹೋಯಿತು" ಎಂದು ತಾವು ಅಂದವಾಗಿ ಬರೆದ ವಾಕ್ಯವನ್ನು ಓದಿದೆ. ಈ ವಾಕ್ಯ ಬಂದಾಗ ಮೇಷ್ಟ್ರು ತಾವೇ ಉಸ್ತಾದರಾಗಿ ಗಾಳಿಗೆ ಗುದ್ದುವ ಭರದಲ್ಲಿ ಕಣ್ಣಿನ ಸಂಗತಿಯನ್ನು ಓದುವುದನ್ನೇ ಬಿಟ್ಟಿದ್ದರಂತೆ.

ಕಸ್ತೂರಮ್ಮನವರು ತಿರುಗಿದರು. "ನಿಂಗೂ ಹೊಡೆದ್ರಾ?" ಎಂದರು. ನಾನು ತಲೆಯಾಡಿಸಿದೆ. ಹತ್ತಿರ ಕರೆದು, ಗದ್ದ ಹಿಡಿದು, ಐವತ್ತು ದಾಟಿದ ಈ ಮುಖವನ್ನು ಬೆಳಕಿಗೆ ತಿರುಗಿಸಿ ಎಡಗಣ್ಣನ್ನು ನೋಡಿದರು. "ಇನ್ನೂ ನೀರು ಸೋರ್ತೈತಲ್ಲೋ" ಎಂದು ಸೆರಗಿನ ತುದಿಗೆ ಬಾಯಿಂದ ಬಿಸಿ ಊದಿ ಒತ್ತಿದರು. ಅದು ಏಟಿನ ನೀರಲ್ಲ ಸ್ವಾಮೀ. ಆಮೇಲೆ ಒಳಗೆ ಹೋಗಿ ಶಾವಿಗೆಯ ಬುಟ್ಟಿ ತಂದು ಮುಂದಿಟ್ಟರು. ಹೊಸೆದು, ತುಂಬಿ, ಬಟ್ಟೆ ಕಟ್ಟಿಯೇ ಇಟ್ಟಿದ್ದರು. ಹಬ್ಬ ಚೆನ್ನಾಗಿ ಆಯಿತು.

ಇಲ್ಲಿಗೆ ಮುಗಿದಿದ್ದರೆ ತಮಗೆ ಒಂದು ಬೊಗಸೆ ಶಾವಿಗೆ ಕಳಿಸಿ ಸುಮ್ಮನಾಗುತ್ತಿದ್ದೆ. ಆದರೆ ನಾನು ಬುಟ್ಟಿ ಎತ್ತಿಕೊಂಡು ಹೊರಡುವಾಗ ಈ ತಾಯಿ ಗೋಡೆಯ ಮೇಲಿನ ಉಸ್ತಾದರ ಫೋಟೋ ಮುಂದೆ ನಿಂತು, "ಏನ್ರೀ, ನೀವೇ ಎತ್ತಾಡಿಸಿದ ಹುಡುಗ, ಕಣ್ಣಿಗೆ ಹೊಡಿಯಾದಾ? ಹೋದ್ರೆ ಏನ್ ಗತಿ? ಬುದ್ಧಿ ಬ್ಯಾಡ್ವಾ ನಿಮ್ಗೆ?" ಎಂದು ಗದರಿದರು. ಅಂದಿನಿಂದ ಆ ಫೋಟೋಕ್ಕೆ ಹೂವಿಲ್ಲ. ಉಸ್ತಾದರು ಬದುಕಿರುವಾಗ ಗಂಡ ಹೆಂಡತಿ ಒಂದು ದಿನ ಮಾತು ಬಿಟ್ಟಿದ್ದನ್ನು ನಾನು ಕಂಡವನಲ್ಲ. ಸತ್ತು ಇಪ್ಪತ್ತು ವರ್ಷದ ಮೇಲೆ, ನನ್ನ ದೆಸೆಯಿಂದ, ತಮ್ಮ ಒಂದು ವಾಕ್ಯದಿಂದ, ಅವರ ಸಂಸಾರ ಕೆಟ್ಟಿದೆ. ನನ್ನ ಉಸ್ತಾದರು ಹೂವಿಲ್ಲದೆ ಗೋಡೆಯ ಮೇಲೆ ಕುಳಿತಿದ್ದಾರೆಂದು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ ಸ್ವಾಮೀ.

ಆದ್ದರಿಂದ ಸರ್ವಶಕ್ತರಾದ ತಾವು ಬರುವ ವಾರವೇ ಇದೇ ಪಂದ್ಯವನ್ನು ಮತ್ತೊಮ್ಮೆ ಏರ್ಪಡಿಸಬೇಕೆಂದು ಬೇಡಿಕೊಳ್ಳುತ್ತೇನೆ. ಗಂಟೆ ಬಾರಿಸಿದ ಕೂಡಲೇ ನಾನು ಮುಂದೆ ಹೋಗಿ ಉಸ್ತಾದರ ಪಾದ ಮುಟ್ಟುತ್ತೇನೆ, ಅವರು ಬೆನ್ನು ತಟ್ಟುತ್ತಾರೆ, ಪಂದ್ಯ ಮುಗಿಯಿತು. ಹನ್ನೆರಡು ಸುತ್ತಿಗೆ ಬಿಟ್ಟ ಜಾಗ ಉಳಿದರೆ ಅಲ್ಲಿ ಬೀಡಿಯ ಜಾಹೀರಾತು ಹಾಕಿಕೊಳ್ಳಿ. ಇದಾಗದಿದ್ದರೆ, ಮೂರನೆಯ ಸುತ್ತಿನ ಏಟಿಗಾಗಿ ಉಸ್ತಾದರು ವಿಷಾದ ವ್ಯಕ್ತಪಡಿಸಿದರೆಂದು ಒಂದು ಸಾಲು ಬರೆಯಿರಿ. ಅವರು ಆಯುಷ್ಯದಲ್ಲಿ ಯಾರಿಗೂ ತಪ್ಪಾಯಿತೆಂದವರಲ್ಲ, ಹಾಗಾಗಿ ಮಾತನ್ನು ಸ್ವಲ್ಪ ಹದವಾಗಿ ಜೋಡಿಸಬೇಕಾಗುತ್ತದೆ. ಇನ್ನೊಂದು ಬೇಡಿಕೆ ಪ್ರೇಕ್ಷಕರನ್ನು ಕುರಿತದ್ದು. ಹೊನ್ನಾಳಿ, ನ್ಯಾಮತಿಯಿಂದ ಎತ್ತಿನಗಾಡಿಗಳಲ್ಲಿ, ಜಗಳೂರಿನಿಂದ, ಬಿಳಿಚೋಡಿನಿಂದ ಲಾರಿಗಳಲ್ಲಿ ಜನ ಕಿಕ್ಕಿರಿದು ಬಂದಿದ್ದರೆಂದು ಬರೆದಿದ್ದೀರಿ. ಅಷ್ಟು ಜನರಲ್ಲಿ ಒಬ್ಬನಾದರೂ ಎದ್ದು "ಏಯ್, ಬಿಡಿಸ್ರೋ, ಅವ್ರು ಗುರು ಶಿಷ್ಯರು" ಎಂದು ಕೂಗಲಿಲ್ಲವೆಂದರೆ ಅವರು ನಮ್ಮ ಕಡೆಯವರಲ್ಲ. ಮುಂದಿನ ಸಲ ದಯವಿಟ್ಟು ನಮ್ಮ ಜನರನ್ನೇ ಕೂರಿಸಿ.

ತಮ್ಮ ಲೇಖನಿಗೆ ಇನ್ನಷ್ಟು ಬಲವೂ, ಅದನ್ನು ಹಿಡಿದ ಕೈಗೆ ಆಗಾಗ ಒಂದಿಷ್ಟು ನೋವೂ ಬರಲಿ ಎಂದು ಹಾರೈಸುತ್ತಾ,

ತಮ್ಮ ಕೃಪೆಯಿಂದ ಗೆದ್ದು ಸುಣ್ಣವಾಗಿರುವ,
ತಮ್ಮ ವಿಶ್ವಾಸಿ,
ಖಾಜಾಸಾಬ್, ಮಾಜಿ ಪೈಲ್ವಾನ

ವಿ.ಸೂ.: ಪತ್ರ ಮುಗಿಸುವ ಹೊತ್ತಿಗೆ ಮೇಷ್ಟ್ರು ಹೇಳಿ ಕಳಿಸಿದ್ದಾರೆ. ಕಸ್ತೂರಮ್ಮನವರ ಸಿಟ್ಟು ಈಗ ಉಸ್ತಾದರ ಮೇಲೂ ಇಲ್ಲವಂತೆ. ಬೆಳಿಗ್ಗೆ ಫೋಟೋಕ್ಕೆ ಮಲ್ಲಿಗೆ ಮುಡಿಸಿ, "ಇವ್ರದ್ದೂ ತಪ್ಪಿಲ್ಲ, ಆ ಹುಡುಗಂದೂ ತಪ್ಪಿಲ್ಲ. ಇಬ್ಬರನ್ನೂ ಎತ್ತಿ ಕಟ್ಟಿದೋನು ಯಾವನು?" ಎಂದು ಕೇಳಿ, ಪತ್ರಿಕೆಯ ಕೊನೆಯ ಪುಟದಲ್ಲಿರುವ ತಮ್ಮ ಕಚೇರಿಯ ವಿಳಾಸವನ್ನು ಬರೆಸಿಕೊಂಡಿದ್ದಾರಂತೆ. ಸೋಮವಾರ ಕಚೇರಿಯಲ್ಲೇ ಇರಿ ಮಾನ್ಯರೇ. ಅವರು ಕಲ್ಪನೆಯಲ್ಲಿ ಬರುತ್ತಿಲ್ಲ, ಹೊನ್ನಾಳಿ ಬಸ್ಸಿನಲ್ಲಿ ಬರುತ್ತಿದ್ದಾರೆ.