ಮೂರೂವರೆ ತಾಸು ಹಿಂದೆ ಬದುಕಿದ ಕಾಕಾ

ಸೇಡಂನಲ್ಲಿರುವ ನಮ್ಮ ಕಾಕಾನ ಮನೆಯ ಗೋಡೆ ಗಡಿಯಾರ ಆ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಒಂಬತ್ತು ತೋರಿಸುತ್ತಿತ್ತು. ಕೆಳಗೊಂದು ಚೀಟಿ. ಅದರಲ್ಲಿ ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು ಬರೆದಿತ್ತು: ‘ಕೆಟ್ಟಿಲ್ಲ. ಮುಟ್ಟಬೇಡಿ.’

ಇಂಥದೇ ಇನ್ನೊಂದು ಚೀಟಿ ಬರೆದು ಕಾಕಾನ ಅಂಗಿಗೂ ಅಂಟಿಸಿದ್ದರೆ, ಮನೆಗೆ ಬಂದವರಿಗೆಲ್ಲ ವಿವರಣೆ ಕೊಡುವ ನಮ್ಮ ಕೆಲಸ ತಪ್ಪುತ್ತಿತ್ತು!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಈ ಸೀಮೆಯಲ್ಲಿ ಅವರು ನೋಡದ ಪ್ರೇಕ್ಷಣೀಯ ಸ್ಥಳವಿಲ್ಲ. ಆದರೆ ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ನೋಡಿದ್ದಾರೆ. ಇದು ನಿಂದೆಯಲ್ಲ, ಸಾಕ್ಷಿಗಳಿರುವ ಸಂಗತಿ. ಸಿಮೆಂಟ್ ಫ್ಯಾಕ್ಟರಿಯೊಂದರಲ್ಲಿ ಸುಣ್ಣದ ಕಲ್ಲು ಸುಡುವ ದೊಡ್ಡ ಕಿಲ್ನ್ ಮುಂದೆ ಮೂವತ್ನಾಲ್ಕು ವರ್ಷ ದುಡಿದವರು ಅವರು. ಒಂದು ವಾರ ಫಸ್ಟ್ ಶಿಫ್ಟ್, ಒಂದು ವಾರ ಸೆಕೆಂಡ್ ಶಿಫ್ಟ್, ಒಂದು ವಾರ ನೈಟ್ ಶಿಫ್ಟ್. ನೈಟ್ ಶಿಫ್ಟಿನ ವಾರದಲ್ಲಿ ಮಾತ್ರ ಹಗಲು ಪೂರ್ತಿ ಬಿಡುವು. ಆದ್ದರಿಂದ ಮನೆಮಂದಿಯ ಎಲ್ಲ ಪ್ರವಾಸಗಳೂ ಅದೇ ವಾರದಲ್ಲಿ. ಮುಂದಿನದನ್ನು ನೀವೇ ಊಹಿಸಬಹುದು.

ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದುಕೊಂಡು ಗೋಳಗುಮ್ಮಟಕ್ಕೆ ಹೋದರು. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಒರಗಿ ಕುಳಿತವರು ಹಾಗೇ ನಿದ್ದೆ ಹೋದರು. ಅಲ್ಲಿ ಪಿಸುಮಾತೇ ಏಳು ಸಲ ಮಾರ್ದನಿಸುತ್ತದೆ. ಕಾಕಾನ ಗೊರಕೆ ಸುಮ್ಮನಿದ್ದೀತೇ? “ಯಾರ್ರೀ ಅದು? ಎಷ್ಟ್ ಮಂದಿ ಮಲ್ಕೊಂಡೀರಿ ಮ್ಯಾಲ?” ಎಂದು ಕಾವಲಿನವನು ಕೆಳಗಿನಿಂದ ಕೂಗಿದನಂತೆ. ಮಳಖೇಡದ ಕೋಟೆಯನ್ನು ಗೆಲ್ಲಲು ವೈರಿಗಳಿಗೆ ಎಷ್ಟು ದಿನ ಹಿಡಿಯಿತೋ ನನಗೆ ತಿಳಿಯದು. ಆ ಕೋಟೆಯೊಳಗೆ ನಿದ್ದೆ ಮಾತ್ರ ನಮ್ಮ ಕಾಕಾನನ್ನು ನಾಲ್ಕು ನಿಮಿಷದಲ್ಲಿ ಗೆದ್ದಿತು!

ಪ್ರತಿ ಸಲವೂ ಕಾಕು ಒಬ್ಬರೇ ಸುತ್ತಾಡಿ ನೋಡಿ ಬರುತ್ತಿದ್ದರು. ಸಂಜೆ ಕಾಕಾ ಎದ್ದ ಮೇಲೆ ಎಲ್ಲವನ್ನೂ ಹೇಳುತ್ತಿದ್ದರು. ಕಾಕಾ ಅಂದು ರಾತ್ರಿ ಫ್ಯಾಕ್ಟರಿಯಲ್ಲಿ ಅದನ್ನೇ ತಾವು ಕಂಡಂತೆ ವರ್ಣಿಸುತ್ತಿದ್ದರು. ಒಳ್ಳೆಯ ವರ್ಣನೆ ಎಂದು ಹೆಸರೂ ಇತ್ತು.

ಕಾಕಾ ಮನೆಯಲ್ಲಿ ಹಗಲು ಮಲಗಿದಾಗಿನ ಶಿಸ್ತು ಬೇರೆಯೇ. ಕಾಕು ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತಿರುತ್ತಿದ್ದರು. ಕಾಯಿಪಲ್ಯೆಯವನು ಓಣಿಗೆ ಬಂದರೆ ಸಾಕು, ಎದ್ದು ಹೋಗಿ ಮೆಲ್ಲಗೆ ಹೇಳುತ್ತಿದ್ದರು: “ಒಂದಿಷ್ಟು ಸಣ್ಣ ದನಿ ಮಾಡಪ್ಪ. ನೈಟ್ ಶಿಫ್ಟ್ ಮುಗಿಸಿ ಮಲ್ಕೊಂಡಾರ.” ಹಾಲಿನವನಿಗೂ ಅದೇ ಮಾತು, ಬೀಗರಿಗೂ ಅದೇ ಮಾತು. ಕುಕ್ಕರ್ ಸೀಟಿ ಹೊಡೆಯಬಾರದೆಂದು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ನಾನು ಮೆತ್ತಗೆ ಮಾತಾಡುವುದು ಹುಟ್ಟುಗುಣವೆಂದು ಹಲವರು ತಿಳಿದಿದ್ದಾರೆ. ಅಲ್ಲ, ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಆ ಮನೆಯಲ್ಲಿ.

ಕಾಕಾ ನಿವೃತ್ತರಾದರು. ಆಗ ಅವರ ಮಗಳು, ನಮ್ಮ ಅಕ್ಕ, ಮತ್ತು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ ಮಾಡುವ ಅವಳ ಗಂಡ, ನಮ್ಮ ಭಾವ, ಒಂದು ಬೇತು ಹಾಕಿದರು. ಮನೆಮಂದಿಯೆಲ್ಲ ಬಾರ್ಸಿಲೋನಾಕ್ಕೆ ಹೋಗುವುದು, ಎರಡು ದಿನ ಊರು ನೋಡುವುದು, ಮೂರನೆಯ ದಿನ ಸಂಜೆ ಆರಕ್ಕೆ ಹೊರಡುವ ಕ್ರೂಸ್ ಹಡಗಿನಲ್ಲಿ ಒಂದು ವಾರ ಸಮುದ್ರದ ಮೇಲಿರುವುದು. ಚಿತ್ತಾಪುರದಲ್ಲಿ ನನ್ನ ಪಾಡಿಗೆ ಇದ್ದ ನನ್ನನ್ನೂ ಸೇರಿಸಿಕೊಂಡರು.

ಕಾಕು ಎಲ್ಲ ಕೇಳಿಸಿಕೊಂಡು, ಸೊಪ್ಪು ಸೋಸುತ್ತಲೇ ಹೇಳಿದರು: “ಬರ್ತೀನಿ. ಆದ್ರ ಹಡಗ ಬಿಡೋ ಹೊತ್ತಿಗಿ ಇವರು ನನ್ನ ಬಾಜೂಕ ಎಚ್ಚರ ಇರಬೇಕು. ಇಷ್ಟ್ ವರ್ಷ ನಾ ನೋಡಿ ಬಂದು ಇವರಿಗಿ ಹೇಳೀನಿ. ಸಮುದ್ರ ಹೆಂಗ ಅದ ಅಂತ ನನಗ ಹೇಳಾಕ ಬರಂಗಿಲ್ಲ. ಎಚ್ಚರ ಇರಂಗಿಲ್ಲ ಅಂದ್ರ ಈಗೇ ಹೇಳ್ರಿ, ನೀವು ನೀವು ಹೋಗಿ ಬರ್ರಿ.”

ಮನೆ ಒಮ್ಮೆ ನಿಶ್ಶಬ್ದವಾಯಿತು. ಈ ಸಲ ಯಾರೂ ಮಲಗಿರಲಿಲ್ಲ.

“ಎಚ್ಚರ ಇರ್ತೀನಿ,” ಎಂದರು ಕಾಕಾ. ಫ್ಯಾಕ್ಟರಿಯ ಕಾಗದಕ್ಕೆ ಸಹಿ ಹಾಕುವಾಗಿನ ಮುಖ.

ಹೇಳಿದಷ್ಟು ಸುಲಭವೇ? ಅಲ್ಲಿ ಸಂಜೆ ಆರು ಎಂದರೆ ನಮ್ಮ ಸೇಡಂನಲ್ಲಿ ರಾತ್ರಿ ಒಂಬತ್ತೂವರೆ. ನಿವೃತ್ತಿಯ ನಂತರ ಕಾಕಾ ಎಂಟೂವರೆಗೆ ಮಲಗುತ್ತಾರೆ. ದೀಪ ಆರಿಸಲು ಕೈ ಚಾಚುತ್ತಾರೆ. ದೀಪಕ್ಕಿಂತ ಮೊದಲು ತಾವೇ ಆರುತ್ತಾರೆ!

“ಅದಕ್ಕ ಜೆಟ್ ಲ್ಯಾಗ್ ಅಂತಾರ ಮಾಮಾ,” ಎಂದರು ಭಾವ. “ಬರೇ ಮೂರೂವರಿ ತಾಸಿಂದು. ಇಷ್ಟಕ್ಕ ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ.”

“ಯಾಕ ಕೆಡಿಸ್ಕೊಳ್ಳಂಗಿಲ್ಲ? ಕಿಲ್ನ್ ಒಮ್ಮೆಲೇ ಕಾಸಿದ್ರ ಏನಾಗ್ತದ ಗೊತ್ತದೇನು? ಒಳಗಿನ ಇಟ್ಟಂಗಿ ಬಿರಕ್ ಬಿಡ್ತಾವ. ಕಾಸೋದಿರಲಿ ಆರಿಸೋದಿರಲಿ, ಸಾವಕಾಶ ಮಾಡಬೇಕು. ಮನಷ್ಯಾನೂ ಹಂಗೇ.”

“ನೀವೇನ್ ಕಿಲ್ನ್ ಏನ್ರಿ ಮಾಮಾ?”

“ಮೂವತ್ನಾಲ್ಕ್ ವರ್ಷ ಅದರ ಮುಂದ ನಿಂತೀನಿ. ಅರ್ಧ ಅದೇ ಆಗೀನಿ!”

ಹೀಗೆ ದಿನಕ್ಕೆ ಅರ್ಧ ತಾಸಿನಂತೆ ಏಳು ದಿನ ಗಡಿಯಾರವನ್ನು ಹಿಂದಕ್ಕೆ ತಳ್ಳಿ, ಹೊರಡುವ ಮೊದಲೇ ಸೇಡಂನಲ್ಲಿ ಕುಳಿತು ಬಾರ್ಸಿಲೋನಾದ ವೇಳೆಗೆ ಒಗ್ಗಿಕೊಳ್ಳುವುದೆಂದು ತೀರ್ಮಾನವಾಯಿತು. ನನಗೆ ಬಂದದ್ದು ಕಾಗದದ ಕೆಲಸ. “ಯವ್ವಾ, ನೀ ಎಂ.ಎಸ್ಸಿ. ಓದಿದಾಕಿ. ಯಾರು ಯಾವಾಗ ಮಲಗೋದು, ಯಾವಾಗ ಏಳೋದು, ಯಾವಾಗ ಏನು ನೋಡೋದು, ಎಲ್ಲಾ ಒಂದ್ ತಖ್ತೆ ಮಾಡಿ ಕೊಡು,” ಎಂದರು ಕಾಕಾ. ನನಗೆ ಅಂಕಣ ಎಳೆಯುವುದೆಂದರೆ ಇಷ್ಟ. ಪ್ರತಿಯೊಬ್ಬರನ್ನೂ ಕೇಳಿ ಅವರವರ ನಿದ್ದೆಯ ವೇಳೆ ತುಂಬಿದೆ. ಕಾಕುವನ್ನು ಕೇಳಿದಾಗ, “ನಂದೇನ್ ಕೇಳ್ತಿಯವ್ವಾ? ಇವರದು ಏನದ ಅದೇ ಬರಿ,” ಎಂದರು. ಕಾಕಾನ ಅಂಕಣವನ್ನೇ ನಕಲು ಮಾಡಿ ಅಂಟಿಸಿದೆ. ಎರಡು ಸೆಕೆಂಡಿನ ಕೆಲಸ.

ಮೊದಲೆರಡು ದಿನ ನೋಡುವ ಸ್ಥಳಗಳ ಆಯ್ಕೆ ಕಾಕಾನದೇ. ಅವರ ನಿಯಮ ಒಂದೇ: ಕೂರಲು ಜಾಗವಿರುವ ಕಡೆ ಹೋಗಬಾರದು! ಕುಳಿತರೆ ನಿದ್ದೆ, ನಿದ್ದೆ ಬಂದರೆ ಏಳು ದಿನದ ಸಾಧನೆ ಮಣ್ಣುಪಾಲು. ನಾನು ಪಟ್ಟಿ ಓದುತ್ತ ಹೋದೆ.

“ದೊಡ್ಡ ಚರ್ಚು.”

“ಒಳಗ ಸಾಲಕ್ಕ ಬೆಂಚ್ ಇರ್ತಾವ. ಹೊಡಿ ಗೀಟು.”

“ಅಲ್ಲಿ ನೆಲಕ್ಕ ಯಾವ ಕಲ್ಲು ಹಾಸ್ಯಾರ ನೋಡಬೇಕಿತ್ತು ಮಾಮಾ,” ಎಂದು ಭಾವ ಬೇಡಿಕೊಂಡರು. ಭಾವ ಎಲ್ಲಿಗೆ ಹೋದರೂ ಕೆಳಗೇ ನೋಡುವವರು. ಅದು ವಿನಯವಲ್ಲ, ವ್ಯಾಪಾರ.

“ಫೋಟೋದಾಗ ನೋಡು. ಮುಂದಿಂದು?”

“ಚಿತ್ರಗಳ ಮ್ಯೂಸಿಯಂ.”

“ನಡೂಕ ಕುರ್ಚಿ ಹಾಕಿರ್ತಾರ. ಗೀಟು.”

“ಊರು ತೋರಿಸೋ ಬಸ್ಸು.”

“ಬಸ್ಸಿನಾಗ ಸೀಟ್ ಇಲ್ಲದ ಬಸ್ ಅದೇನು?”

“ಸಮುದ್ರದ ದಂಡೆ.”

“ಉಸುಕು. ಹಾಸಿಗಿನೇ ಹಾಸಿ ಇಟ್ಟಾಂಗ!”

ಕೊನೆಗೆ ಉಳಿದದ್ದು ಒಂದೇ, ಕಾಯಿಪಲ್ಯೆ ಮಾರುಕಟ್ಟೆ. ಅಲ್ಲಿ ಗದ್ದಲವಿರುತ್ತದೆ, ವಾಸನೆಯಿರುತ್ತದೆ, ಕೂರಲು ಯಾರೂ ಬಿಡುವುದಿಲ್ಲ. ಎರಡು ದಿನವೂ ಅದನ್ನೇ ನೋಡುವುದೆಂದು ಬರೆಸಿದರು. ಕಾಕು ಒಳಗಿನಿಂದ ಕೇಳಿದರು: “ಅದಕ್ಕ ವಿಮಾನ ಯಾಕ್ರಿ? ಇಲ್ಲೇ ಸಂತಿಗಿ ಕರ್ಕೊಂಡ್ ಹೋಗ್ರಿ, ನಿಂತೇ ನೋಡ್ತೀನಿ.”

ಆ ಏಳು ದಿನ ಆ ಮನೆಯಲ್ಲಿ ನಡೆದದ್ದನ್ನು ಓಣಿ ಇನ್ನೂ ಮರೆತಿಲ್ಲ. ಕೊನೆಕೊನೆಗೆ ಕಾಕಾ ಒಂಬತ್ತೂವರೆಗೆ ಎದ್ದು, ಹನ್ನೊಂದೂವರೆಗೆ ನಾಷ್ಟಾ ಮಾಡಿ, ನಾಲ್ಕಕ್ಕೆ ಮಧ್ಯಾಹ್ನದ ಊಟ ಮಾಡುತ್ತಿದ್ದರು. ಸಂಜೆ ಮಾತಾಡಿಸಲು ಬಂದ ಪಕ್ಕದ ಮನೆಯವರಿಗೆ “ಉಂಡು ಹೋಗ್ರಿ, ಈಗಷ್ಟೇ ಮಧ್ಯಾಹ್ನ ಆಗ್ಯದ” ಎಂದರಂತೆ! ಹಾಲಿನವನು ಮಾತ್ರ ಬಾರ್ಸಿಲೋನಾದ ವೇಳೆಗೆ ಬರಲು ಒಪ್ಪಲಿಲ್ಲ. ನಳದ ನೀರೂ ಒಪ್ಪಲಿಲ್ಲ. ಮುಂಜಾನೆ ಐದೂವರೆಗೆ ಕೂಗುವ ಫ್ಯಾಕ್ಟರಿ ಭೋಂಗಾ ಅಂತೂ ಯಾರ ಮಾತು ಕೇಳುವಂಥದ್ದಲ್ಲ. ಹೀಗಾಗಿ ಕಾಕು ಭೋಂಗಾಕ್ಕೆ ಏಳುತ್ತಿದ್ದರು, ಕಾಕಾನ ಗಡಿಯಾರ ನೋಡಿ ನಡುರಾತ್ರಿ ಮಲಗುತ್ತಿದ್ದರು. ಎರಡು ಗಡಿಯಾರಗಳ ನಡುವೆ ಕಾಕು ರೊಟ್ಟಿ ಬಡಿಯುತ್ತಿದ್ದಾರೆಂದು ನಾವೆಲ್ಲ ನಕ್ಕೆವು. ಅವರೂ ನಕ್ಕರು.

ಏಳನೆಯ ದಿನ, ಭಾನುವಾರ, ಪರೀಕ್ಷೆ. ಅಂದೇ ಗಡಿಯಾರ ಹನ್ನೆರಡೂವರೆಗೆ ಒಂಬತ್ತು ತೋರಿಸಿದ್ದು. ಚಿಂಚೋಳಿಯ ಹತ್ತಿರದ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ, ಊಟವಾದ ಮೇಲೆ ಹೊತ್ತು ಮುಳುಗುವವರೆಗೆ ತಾವು ಕಣ್ಣು ಮುಚ್ಚದೆ ನೀರು ನೋಡುತ್ತ ನಿಲ್ಲುವುದಾಗಿ ಕಾಕಾ ಸಾರಿದರು. “ಇಲ್ಲಿ ಗೆದ್ದೆ ಅಂದ್ರ ಹಡಗಿನ ಮ್ಯಾಲೂ ಗೆದ್ದಂಗ. ಸೋತ್ರ ನಾನೇ ಟಿಕೇಟ್ ರದ್ದ ಮಾಡಸ್ತೀನಿ,” ಎಂದರು. ಕಾಕು ಬುತ್ತಿ ಕಟ್ಟಿದರು.

ದಂಡೆಗೆ ಹೋದ ಮೇಲೂ ಆ ಬುತ್ತಿ ನಾಲ್ಕರವರೆಗೆ ಬಿಚ್ಚಲಿಲ್ಲ. ಹಸಿವಿನಿಂದ ಭಾವನ ಮುಖ ಅವರ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಮೂರಕ್ಕೆ ಅವರು ಕಾರಿನ ಹಿಂದೆ ನಿಂತು ಶೇಂಗಾ ತಿನ್ನುತ್ತಿದ್ದುದನ್ನು ನಾನು ನೋಡಿದೆ, ಯಾರಿಗೂ ಹೇಳಲಿಲ್ಲ. ಕೊನೆಗೆ ಜಮಖಾನ ಹಾಸಿ, ಜೋಳದ ರೊಟ್ಟಿ, ಪುಂಡಿಪಲ್ಯೆ, ಮೊಸರು ಎಲ್ಲ ಉಂಡೆವು. ಕಾಕಾ ಕೈ ತೊಳೆದು, ಕೊಡೆ ಹಿಡಿದು ನೀರಿನ ಕಡೆ ಮುಖ ಮಾಡಿ ನಿಂತರು.

ನಾನು, ಅಕ್ಕ, ಭಾವ ಮೂವರೂ ಅವರ ರೆಪ್ಪೆಗಳನ್ನೇ ಕಾಯುತ್ತಿದ್ದೆವು. ಅರ್ಧ ತಾಸಿಗೆ ಒಂದು ತೂಕಡಿಕೆ ಬಂತು. ಕಾಕಾ ಒಂದು ಹಸಿಮೆಣಸಿನಕಾಯಿ ಕಚ್ಚಿದರು. ಮುಕ್ಕಾಲು ತಾಸಿಗೆ ಇನ್ನೊಂದು ತೂಕಡಿಕೆ, ಇನ್ನೊಂದು ಮೆಣಸಿನಕಾಯಿ. “ಅಪ್ಪಾ, ಹಡಗಿನಾಗ ಮೆಣಸಿನಕಾಯಿ ಬಿಡ್ತಾರೋ ಇಲ್ಲೋ!” ಎಂದು ಅಕ್ಕ ನಕ್ಕಳು. ಕಾಕಾ ಉತ್ತರ ಕೊಡಲು ತಿರುಗಿದರು. ಆದರೆ ನಮ್ಮ ಹಿಂದೆ ಏನನ್ನೋ ನೋಡುತ್ತ ನಿಂತುಬಿಟ್ಟರು.

ನಾವೂ ತಿರುಗಿದೆವು. ಜಮಖಾನದ ಅಂಚಿನಲ್ಲಿ, ರೊಟ್ಟಿ ಸುತ್ತಿದ್ದ ಬಟ್ಟೆಯ ಮೇಲೆ ಕೈಯಿಟ್ಟುಕೊಂಡೇ, ಕಾಕು ನಿದ್ದೆ ಹೋಗಿದ್ದರು.

ಅವರು ಹಗಲು ಮಲಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಕ್ಕನ ಮುಖ ನೋಡಿದೆ. ಅವಳೂ ಕಂಡಿರಲಿಲ್ಲ.

ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಏಳೆಂಟು ಜನ ಇಳಿದು ಸ್ಪೀಕರ್ ಹಚ್ಚಿದರು. ಹಾಡು ನೀರಿಗೂ ಗುಡ್ಡಕ್ಕೂ ಬಡಿಯಿತು. ಕಾಕಾ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಬಿಸಿಲು ಬೀಳದಂತೆ ಕಾಕುವಿನ ಮುಖಕ್ಕೆ ಮರೆ ಹಿಡಿಯಲು ಸನ್ನೆ ಮಾಡಿ, ದಾಪುಗಾಲು ಹಾಕುತ್ತ ಜೀಪಿನ ಬಳಿ ಹೋದರು. ಬಯ್ಯುತ್ತಾರೆಂದುಕೊಂಡೆ. ಅವರು ಕೈ ಮುಗಿದರು.

“ಒಂದಿಷ್ಟು ಸಣ್ಣ ದನಿ ಮಾಡ್ರಪ್ಪ. ನೈಟ್ ಶಿಫ್ಟ್ ಮುಗಿಸಿ ಮಲ್ಕೊಂಡಾರ.”

ಸ್ಪೀಕರ್ ನಿಂತಿತು. ಕಾಕಾ ಬಂದು ಕೊಡೆ ಇಸಿದುಕೊಂಡರು. ಹೊತ್ತು ಇಳಿದಂತೆ ಬಿಸಿಲು ಓರೆಯಾಗುತ್ತಿತ್ತು. ಅದಕ್ಕೆ ತಕ್ಕಂತೆ ಕೊಡೆಯನ್ನು ಓರೆ ಮಾಡುತ್ತ, ನೀರಿಗೆ ಬೆನ್ನು ಹಾಕಿ ನಿಂತರು. ಮೆಣಸಿನಕಾಯಿ ಬೇಕಾಗಲಿಲ್ಲ. ಸೂರ್ಯ ಗುಡ್ಡದ ಅಂಚಿಗೆ ಬಂದಾಗ ಭಾವ ಪಿಸುಗುಟ್ಟಿದರು: “ಮಾಮಾ, ಅತ್ತಿನ್ನ ಎಬ್ಬಸ್ರಿ. ನೀವ್ ಪಾಸಾಗಿದ್ದು ಅವರು ನೋಡಬೇಕಲ್ಲ?”

“ಬ್ಯಾಡ,” ಎಂದರು ಕಾಕಾ.

ಕಾಕು ಎದ್ದಾಗ ಆಕಾಶದಲ್ಲಿ ಸ್ವಲ್ಪ ಕೆಂಪು ಮಾತ್ರ ಉಳಿದಿತ್ತು. ಗಾಬರಿಯಲ್ಲಿ ಸೆರಗು ಸರಿಪಡಿಸಿಕೊಂಡರು. “ಅಯ್ಯ, ಎಬ್ಬಸಬಾರದೇನ್ರಿ? ಹೊತ್ತು ಮುಳಗೇ ಹೋಯ್ತಲ್ಲ! ನೀವು ಎಚ್ಚರ ಇದ್ದಿರೇನು?”

“ಇದ್ದೆ.”

“ಖರೇನೇ?”

“ಖರೇ.”

“ಹಂಗಾರ ನೀವು ಹೇಳ್ರಿ, ಹೆಂಗಿತ್ತು?”

ಕಾಕಾ ನೀರಿನ ಕಡೆ ನೋಡಿದರು. ಅವರು ಸೂರ್ಯ ಮುಳುಗುವುದನ್ನು ನೋಡಿರಲಿಲ್ಲವೆಂದು ನಮಗೆ ಮೂವರಿಗೂ ಗೊತ್ತಿತ್ತು. “ಭಾಳ ಛಲೋ ಇತ್ತು,” ಎಂದರು. ಮೂವತ್ನಾಲ್ಕು ವರ್ಷ ಫ್ಯಾಕ್ಟರಿಯನ್ನೇ ಮರುಳು ಮಾಡಿದ ವರ್ಣನೆ ಅಷ್ಟಕ್ಕೇ ನಿಂತಿತು.

ಆ ರಾತ್ರಿ ನಾನು ಸೇಡಂನಲ್ಲೇ ಉಳಿದೆ. ಮರುದಿನ ಮುಂಜಾನೆ, ಚಿತ್ತಾಪುರದ ಗಾಡಿ ಹಿಡಿಯುವ ಮೊದಲು, ಲ್ಯಾಪ್‌ಟಾಪ್ ತೆರೆದು ಕಾಕುವಿನ ಅಂಕಣವನ್ನು ಅಳಿಸಿ ಖಾಲಿ ಮಾಡಿದೆ. ಹಡಗು ಹೊರಡುವ ದಿನದ ಸಾಲಿನಲ್ಲಿ ಮಾತ್ರ ಹೀಗೆ ಬರೆದೆ: ‘ಬೆಳಿಗ್ಗೆ ಹನ್ನೊಂದರಿಂದ ಒಂದು: ಬಂದರಿನ ಎದುರಿನ ನೆರಳು. ಬೆಂಚು ಇದೆ. ಕಾಕು: ನಿದ್ದೆ. ಕಾಕಾ: ಡ್ಯೂಟಿ. ಸಂಜೆ ಆರು: ಹಡಗು. ಇಬ್ಬರೂ ಎಚ್ಚರ.’ ಆಮೇಲೆ ಅಡುಗೆಮನೆಗೆ ಹೋಗಿ, ಕಾಕುವಿನ ಕೈಯಿಂದ ಹಾಲಿನ ಪಾತ್ರೆ ತೆಗೆದುಕೊಂಡು, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: “ಕಾಕು, ನಿಮಗ ನಿದ್ದಿ ಯಾವಾಗ ಬರ್ತದ?”