ಎರಡಡಿ ಅತಿಕ್ರಮಣ

ನಮ್ಮ ಕುಟುಂಬದ ಪ್ರಥಮ ಡೇರೆವಾಸದ ಕಥೆಯನ್ನು ನನ್ನ ಶ್ರೀಮತಿಯವರು ಮನೆಗೆ ಬಂದವರಿಗೆಲ್ಲ ಕಾಫಿಯೊಂದಿಗೆ ಹಂಚುತ್ತಿದ್ದಾರೆ. ಹಂಚಲಿ. ಆದರೆ ಅದರಲ್ಲಿ "ಇವರು ಯಾರದೋ ಹೊಲಕ್ಕೆ ನುಗ್ಗಿದ್ರು" ಎಂಬ ವಾಕ್ಯವೊಂದು ಬರುತ್ತದೆ. ಅದು ವಾಸ್ತವಕ್ಕೆ ದೂರ. ನಾನು ನುಗ್ಗಿದ್ದು ಎರಡು ಅಡಿ ಮಾತ್ರ.

ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಒಂದೇ ಒಂದು ನಕ್ಷೆಯೂ ತಪ್ಪೆಂದು ಹಿಂದಿರುಗದಂತೆ ನಿವೃತ್ತನಾದವನು ನಾನು. ಆ ಹೆಸರೊಂದೇ ನನ್ನ ಆಸ್ತಿ (ಪಿಂಚಣಿ ಶ್ರೀಮತಿಯವರ ಆಸ್ತಿ). ಆದಕಾರಣ ನಡೆದದ್ದನ್ನು ನಡೆದಂತೆಯೇ ದಾಖಲಿಸುತ್ತಿದ್ದೇನೆ.

ಡೇರೆಯ ಯೋಚನೆ ಸೊಸೆಯದು. "ಮಾವ, ಟಿವಿ ಇಲ್ಲ, ಮೊಬೈಲ್ ಇಲ್ಲ, ಎಲ್ಲರೂ ಒಂದೇ ಸೂರಿನ ಕೆಳಗೆ!" ಎಂದಳು. ಆಕೆ ಸೂರು ಎಂದದ್ದು ಹತ್ತಡಿ ಅಗಲದ ಒಂದು ಬಟ್ಟೆಯನ್ನು. ಮಗ ಎಂದಿನಂತೆ ತಲೆಯಾಡಿಸಿದ. ಮೊಮ್ಮಗಳು ಕುಣಿದಳು. ಐದು ಜನ, ಹದಿನಾಲ್ಕು ಗಂಟುಮೂಟೆಗಳು ಕೆರೆಯ ದಂಡೆಯ ಡೇರೆ ಮೈದಾನವನ್ನು ತಲುಪಿದಾಗ ಹಗಲು ಹನ್ನೊಂದೂ ಇಪ್ಪತ್ತು.

ಮೈದಾನದ ಮೇಲ್ವಿಚಾರಕ ನಮಗೊಂದು ಜಾಗ ತೋರಿಸಿ ಹೋದ. ನಾನು ಚೀಲದಿಂದ ನೆಲದ ಏರಿಳಿತ ತೋರಿಸುವ ರಸಮಟ್ಟವನ್ನು ತೆಗೆದು ನೆಲದ ಮೇಲಿಟ್ಟೆ. ಅದರೊಳಗಿನ ಗುಳ್ಳೆ ಸಾಲ ಕೊಟ್ಟವನನ್ನು ಕಂಡಂತೆ ಒಂದೇ ಓಟಕ್ಕೆ ಮೂಲೆ ಸೇರಿತು.

"ಇಲ್ಲಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಎಲ್ಲರೂ ಕೆರೆಯಲ್ಲಿರುತ್ತೇವೆ," ಎಂದೆ.

"ಈಜೋಕೆ ತಾನೇ ಬಂದಿರೋದು, ಅಪ್ಪ," ಎಂದ ಮಗ.

ತಂತಿಬೇಲಿಯ ಆಚೆ ನೋಡಿದೆ. ಆಹಾ! ಹಲಗೆಯಂತೆ ಸಮತಟ್ಟಾದ ನೆಲ. ಅದರ ಪಕ್ಕದಲ್ಲೊಂದು ಬೋಳುಬಂಡೆ. ಆ ಬಂಡೆಯನ್ನು ಕಂಡೊಡನೆ ನನಗೆ ಇಪ್ಪತ್ತೆರಡು ವರ್ಷಗಳ ಹಿಂದಿನದೆಲ್ಲ ನೆನಪಾಯಿತು. ಈ ಪ್ರದೇಶವನ್ನು ಅಳೆದವನು ನಾನೇ! ಗಡಿ ಹಾಯುವುದು ಬಂಡೆಯ ತುದಿಯಿಂದ. ಬೇಲಿ ಅಲ್ಲಿರಬೇಕೇ ಹೊರತು ಇಲ್ಲಲ್ಲ.

"ಬೇಲಿ ತಪ್ಪು ಜಾಗದಲ್ಲಿದೆ. ಆ ನೆಲವೂ ಮೈದಾನಕ್ಕೇ ಸೇರಿದ್ದು. ನಡೆಯಿರಿ," ಎಂದೆ.

"ರೀ, ಬೇರೆಯವರ ಬೇಲಿ ದಾಟಬಾರದು ಅಂತ ಮಗುಗೂ ಗೊತ್ತು," ಎಂದರು ಶ್ರೀಮತಿ.

"ಮಗು ಭೂಮಾಪನ ಪರೀಕ್ಷೆ ಪಾಸು ಮಾಡಿಲ್ಲ."

ಬೇಲಿಗೆ ತಾಗಿದಂತೆ ಆಚೆ ಬದಿಗೆ ಡೇರೆ ಹೂಡುವುದೆಂದು ತೀರ್ಮಾನವಾಯಿತು (ತೀರ್ಮಾನಿಸಿದವನು ನಾನು). ಡೇರೆಯೊಂದಿಗೆ ಬಂದ ಸೂಚನಾ ಪುಸ್ತಿಕೆಯಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರಗಳು. ಚಿತ್ರದಲ್ಲಿದ್ದವನು ನಗುನಗುತ್ತಾ ಒಬ್ಬನೇ ಡೇರೆ ಎಬ್ಬಿಸುತ್ತಿದ್ದ. ನಾವು ನಾಲ್ವರು ಬೆವರು ಸುರಿಸುತ್ತಾ ಎಬ್ಬಿಸಿದ್ದು ಮೂರು ಬಾರಿ. ಎರಡನೆಯ ಬಾರಿ ಅದು ಕುಸಿದಾಗ ಶ್ರೀಮತಿಯವರು ಒಳಗಿದ್ದರು. ಬಟ್ಟೆಯ ಗುಡ್ಡೆಯೊಂದು ಅತ್ತಿತ್ತ ಹೊರಳಾಡುತ್ತಾ ನನ್ನ ವಂಶವನ್ನು ಸ್ಮರಿಸಿತು. ಮೂರನೆಯ ಬಾರಿ ಡೇರೆ ನಿಂತಿತು. ಒಂದು ಕೋಲು ಮಿಕ್ಕಿತು. ಅದು ಎಲ್ಲಿಯದೆಂದು ಇಂದಿಗೂ ತಿಳಿದಿಲ್ಲ. ಗೂಟಗಳು ಮಾತ್ರ ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಅಷ್ಟು ಮೆತ್ತನೆಯ ನೆಲ.

ನೆಲ ಮೆತ್ತಗಿದ್ದುದೇಕೆಂದು ಮೂರು ಗಂಟೆಗೆ ತಿಳಿಯಿತು.

"ಯಾರ್ರೀ ಇದು ಗುಡಾರ? ನಿನ್ನೆ ತಾನೇ ಮೂಲಂಗಿ ಬೀಜ ಹಾಕಿದೀನಿ!"

ಕೈಯಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದಾಕೆ ಪಕ್ಕದ ಹೊಲದಲ್ಲಿ ತರಕಾರಿ ಬೆಳೆಯುವ ಹೆಂಗಸು. ನಾನು ಗಡಿಯ ವಿಚಾರವನ್ನು ಸವಿಸ್ತಾರವಾಗಿ ನಿವೇದಿಸಿದೆ.

"ನನ್ನ ಬೇಲಿ ನಕ್ಷೆ ನೋಡ್ಕೊಂಡೇ ಹಾಕಿರೋದು, ಯಜಮಾನ್ರೇ."

"ಹಾಗಾದರೆ ಅದು ನನ್ನ ನಕ್ಷೆಯಲ್ಲ! ಇಲ್ಲಿ ಗಡಿ ತೋರಿಸಿದ ನಕ್ಷೆಯನ್ನು ಬರೆದವನು ಅಳತೆಯ ಸರಪಳಿ ಹಿಡಿದವನಲ್ಲ, ದನ ಕಟ್ಟುವ ಹಗ್ಗ ಹಿಡಿದವನು!"

ಆಕೆ ಕೊಡ ಕೆಳಗಿಟ್ಟು ಮನೆಗೆ ಹೋಗಿ ನಕ್ಷೆ ತಂದಳು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅದು ಶ್ರೀಮತಿಯವರ ಕೈ ಸೇರಿತ್ತು.

"ರೀ, ಗಾಳಿಪಟದ ಬಾಲದ ಹಾಗಿರೋ ಈ ಸಹಿ ಎಲ್ಲೋ ನೋಡಿದೀನಲ್ಲ!"

"ತಾತನ ಸಹಿ! ನನ್ನ ಮಾರ್ಕ್ಸ್ ಕಾರ್ಡಲ್ಲೂ ಹೀಗೇ ಇದೆ!" ಎಂದಳು ಮೊಮ್ಮಗಳು. (ಆ ಅಂಕಪಟ್ಟಿಯ ವಿಷಯ ಮಗನಿಗೆ ತಿಳಿದಿರಲಿಲ್ಲ. ಅದು ಬೇರೆ ಪ್ರಕರಣ.)

ಸಹಿ ನನ್ನದೇ. ಬೇಲಿ ಸರಿಯಾಗಿದ್ದರೆ ನಾನು ಅತಿಕ್ರಮಣಕಾರ. ನಕ್ಷೆಯೇ ತಪ್ಪಾಗಿದ್ದರೆ ನನ್ನ ಮೂವತ್ತೊಂದು ವರ್ಷ ಮಣ್ಣುಪಾಲು. ನಕ್ಷೆ ಸರಿ, ಬೇಲಿ ತಪ್ಪು ಎಂದಾದರೆ ಮಾತ್ರ ನಾನು ಉಳಿದೆ.

"ಅಳೆಯೋಣ," ಎಂದೆ.

"ರಜಾ ಅಂತ ಬಂದು ಇಲ್ಲೂ ಆಫೀಸು ತೆಗೆದ್ರಾ?" ಎಂದು ಸೊಸೆಯ ಮುಂದೆ ಗೊಣಗಿದರು ಶ್ರೀಮತಿ.

ಒಂದೂವರೆ ಗಂಟೆ ಅಳೆದೆ. ನನ್ನ ಚೀಲದಲ್ಲಿದ್ದ ಅಳತೆಯ ಟೇಪಿನ ಒಂದು ತುದಿ ಮೊಮ್ಮಗಳ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ, ಕಣ್ಣು ಆ ಹೆಂಗಸಿನದು. ಬಂಡೆಯ ತುದಿಯಿಂದ ನಕ್ಷೆಯಂತೆ ಗೆರೆ ಎಳೆದಾಗ, ನಿಜವಾದ ಗಡಿ ಬೇಲಿಯಿಂದ ಸರಿಯಾಗಿ ಎಂಟು ಅಡಿ ಆಚೆಗೆ ಹಾಯ್ದಿತ್ತು! ನನ್ನ ನಕ್ಷೆ ಸರಿ! ಬೇಲಿಯೇ ತಪ್ಪು! ಅರುವತ್ತೆಂಟರ ಈ ವಯಸ್ಸಿನಲ್ಲಿ ನಾನು ಮಣ್ಣಿನ ಮೇಲೆ ಕಿಂಚಿತ್ತು ಕುಣಿದೆನೆಂದು ಹೇಳುತ್ತಾರೆ. ಅಲ್ಲಗಳೆಯುವುದಿಲ್ಲ.

ಹೆಂಗಸು ತಾನೇ ಇನ್ನೊಮ್ಮೆ ಟೇಪು ಹಿಡಿದು ನೋಡಿದಳು. "ಸರಿ. ಬೇಲಿ ಹಾಕಿದವ್ನು ಎಡವಟ್ಟು ಮಾಡಿದಾನೆ. ಎಂಟಡಿ ನಂದಲ್ಲ," ಎಂದಳು. ಎಂಥ ನ್ಯಾಯವಂತೆ! ಕೈಮುಗಿಯಬೇಕೆನ್ನುವಷ್ಟರಲ್ಲಿ, "ಆದ್ರೆ ನಿಮ್ಮ ಗುಡಾರ ಹತ್ತಡಿ ಅಗಲ ಇದೆ. ಮಿಕ್ಕ ಎರಡಡಿಯಲ್ಲಿ ಮಲಗೋರು ಯಾರು?" ಎಂದಳು.

ನಾಲ್ವರೂ ನನ್ನತ್ತ ನೋಡಿದರು. ನನ್ನ ಹಾಸಿಗೆಯ ಅಗಲ ಎರಡು ಅಡಿ. ಅದನ್ನು ಹಾಸಿದ್ದು ಆ ಅಂಚಿನಲ್ಲೇ.

"ಡೇರೆ ಸ್ವಲ್ಪ ಸರಿಸಿದರೆ..." ಎಂದೆ.

"ಒಂದು ಗೂಟ ಕಿತ್ತರೂ ನಾನು ಬಸ್ಸು ಹತ್ತುತೀನಿ!" ಎಂದರು ಶ್ರೀಮತಿ.

"ಹಾಗಾದರೆ ನೀವೆಲ್ಲ ಇತ್ತ ಒತ್ತರಿಸಿಕೊಂಡರೆ..."

"ಗಡಿ ದಾಟಬಾರದು, ಮಾವ," ಎಂದಳು ಸೊಸೆ, ಅತ್ಯಂತ ವಿನಯದಿಂದ.

"ಅದಕ್ಕೇನು, ಒಪ್ಪಿಗೆ ಕೇಳಿದ್ರೆ ಕೊಡೋಣ," ಎಂದಳು ಹೆಂಗಸು. "ಬರವಣಿಗೇಲಿ ಕೇಳಿ. ನೀವು ಬರವಣಿಗೆಯವರು."

ಬರೆದೆ. ಮೊಮ್ಮಗಳ ಚಿತ್ರಪುಸ್ತಕದಿಂದ ಹಾಳೆಯೊಂದನ್ನು ಹರಿದು, ಮಾನ್ಯರೇ ಎಂದು ಆರಂಭಿಸಿ, ಉದ್ದ ಆರೂವರೆ ಅಡಿ, ಅಗಲ ಎರಡಡಿ ಭೂಭಾಗದಲ್ಲಿ ಎರಡು ರಾತ್ರಿಗಳ ಮಟ್ಟಿಗೆ ಶಯನಿಸಲು ಅನುಮತಿ ನೀಡಬೇಕಾಗಿ ವಿನಂತಿಸಿಕೊಂಡೆ. ದಿನಾಂಕ ಹಾಕಿದೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಸೂಚಿಸಿದೆ, ಬಾಲ ಬಿಡಿಸಿ ಸಹಿ ಮಾಡಿದೆ. ಕೊರತೆ ಹುಡುಕಿ ತಿರಸ್ಕರಿಸಲು ಯಾರಿಂದಲೂ ಸಾಧ್ಯವಾಗದ ಅರ್ಜಿ ಅದು.

ಆಕೆ ಅದನ್ನು ತೆಗೆದುಕೊಂಡು, ಓದದೆಯೇ ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊಡ ಎತ್ತಿಕೊಂಡು ಮೂಲಂಗಿಯ ಪಾತಿಗೆ ನೀರು ಹಾಕತೊಡಗಿದಳು. ನಾನು ಕಾದೆ. ಕೆಮ್ಮಿದೆ. ಕೊನೆಗೆ ಕೇಳಿಯೇಬಿಟ್ಟೆ: "ಅನುಮತಿ...?"

ಆಕೆ ತಲೆಯೆತ್ತಲಿಲ್ಲ.

"ನಾಳೆ ಬನ್ನಿ," ಎಂದಳು.

ಆ ಎರಡು ಪದಗಳನ್ನು ಅದೇ ಧಾಟಿಯಲ್ಲಿ, ಹಾಗೆಯೇ ಮುಖ ಎತ್ತದೆ, ಕಚೇರಿಗೆ ಅರ್ಜಿ ತಂದವರಿಗೆಲ್ಲ ಮೂವತ್ತೊಂದು ವರ್ಷ ಹೇಳಿದವನು ನಾನು. ಅದಕ್ಕೆ ಪ್ರತ್ಯುತ್ತರವಿಲ್ಲವೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?