ಆಮೆನ್ ಇಲ್ಲದ ಪ್ರಾರ್ಥನೆ

ಮೇಜಿನ ಕೆಳಗೆ ಕುಶಲಾ ಹಿಮ್ಮಡಿಯಿಂದ ಮಗನ ಪಾದ ಒತ್ತಿದರು. ಶೋಭಿತ್ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ ಮುಗುಳ್ನಕ್ಕ. ಮನೆ ಹುಡುಕಲು ಕಷ್ಟವಾಯಿತೇ ಎಂದು ಕೇಳಿದ್ದ ಚಿತ್ತರಂಜನರು ಆ ನಗುವನ್ನೇ ಉತ್ತರವೆಂದುಕೊಂಡರು.

ಅಮ್ಮ ಮಗ ಜೆಪ್ಪುವಿನ ಈ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಹಿಂದಿನ ಎರಡು ಸಂಬಂಧಗಳು ಶೋಭಿತನ ಬಾಯಿಯಿಂದಲೇ ಮುರಿದಿದ್ದವು. ಮೊಬೈಲ್ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಡನೆ ವಟಗುಟ್ಟುವ ಅವನಲ್ಲಿ ಮನಸ್ಸಿಗೂ ನಾಲಿಗೆಗೂ ನಡುವೆ ಒಂದು ಗೇಟೂ ಇರಲಿಲ್ಲ. ಆ ಬೆಳಿಗ್ಗೆ ದೇವಾಲಯದಲ್ಲಿ ಪಾದ್ರಿಗಳು ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕ ತೆರೆದು ಹರಟೆಬಾಯಿಯ ಅಪಾಯಗಳನ್ನು ವಿವರಿಸಿದ್ದರು. ಅದನ್ನು ಬರೆದ ಸೊಲೊಮೋನ ರಾಜ ಶೋಭಿತನನ್ನು ಕಣ್ಣಾರೆ ಕಂಡೇ ಬರೆದಿರಬೇಕು ಎನಿಸಿತ್ತು ಕುಶಲಾರಿಗೆ. ಹೊರಗೆ ಬಂದವರೇ ಮಗನ ತೋಳು ಹಿಡಿದರು.

"ಇವತ್ತು ಒಂದು ಶಬ್ದ ಸಹ ಬೇಡ ಮಗಾ. ತಲೆ ಆಡಿಸು, ಸಾಕು."

ಹುಡುಗಿಯ ಅಪ್ಪ ಚಿತ್ತರಂಜನರು ಚರ್ಚಿನ ಸಭೆಯ ಹಿರಿಯರು. ಅಡ್ಡ ಮಾತಾಡದ ಕಿವಿ ಸಿಕ್ಕಿದ್ದೇ ತಡ, ಪಂಪು ಬಿಟ್ಟ ಹಾಗೆ ಸುರಿಯತೊಡಗಿದರು. ಶೋಭಿತ್ ತಲೆಯಾಡಿಸಿದ. ಹಾಗೆ ಆಡಿಸುತ್ತ ಆಡಿಸುತ್ತಲೇ ಗಾಯನ ಮಂಡಳಿಯ ಬೇಸ್ ದನಿಯಾದ, ಸ್ಮಶಾನ ಸಮಿತಿಯ ಕಾರ್ಯದರ್ಶಿಯಾದ, ಮದುವೆಯ ನಂತರ ಇದೇ ಮನೆಯಲ್ಲಿ ಇರಲೂ ಒಪ್ಪಿದ. ಕುಶಲಾ ಗಾಬರಿಯಾದರು. ಆದರೆ ತಲೆಯನ್ನು ತಡೆಯಲು ಮೇಜಿನ ಕೆಳಗಿನಿಂದ ಉಪಾಯವಿರಲಿಲ್ಲ.

ಹುಡುಗಿ ರೇಚಲ್ ಗರಿಗರಿ ರೊಟ್ಟಿಯ ಮೇಲೆ ಕೋಳಿಸಾರು ಸುರಿದ ಕೋರಿರೊಟ್ಟಿ ತಂದಿಟ್ಟಳು. ಪಣಂಬೂರಿನ ಒಂದು ಹಡಗು ಕಂಪೆನಿಯಲ್ಲಿ ಅವಳಿಗೆ ಕೆಲಸ. ಆಗಿನಿಂದ ಶೋಭಿತನ ಬಾಯಿಯನ್ನೇ ನೋಡುತ್ತಿದ್ದಳು, ಬಸ್ಸು ಬರುವ ದಾರಿ ನೋಡುವವರಂತೆ.

ಆ ಮನೆಯಲ್ಲಿ ಊಟದ ಪ್ರಾರ್ಥನೆ ಅತಿಥಿಯ ಪಾಲಿಗೆ. ನೀವೇ ಮಾಡಿ ಎಂದರು ಚಿತ್ತರಂಜನರು.

ಶೋಭಿತ್ ಅಮ್ಮನ ಮುಖ ನೋಡಿದ. ಹಿಮ್ಮಡಿ ಇನ್ನಷ್ಟು ಒತ್ತಿತು. ಅವನು ಕೈ ಜೋಡಿಸಿ ಕಣ್ಣು ಮುಚ್ಚಿದ. ಎಲ್ಲರೂ ತಲೆ ಬಾಗಿಸಿದರು. ಆಮೆನ್ ಕೇಳದೆ ಕಣ್ಣು ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಫ್ಯಾನು ತಿರುಗಿತು. ರೊಟ್ಟಿ ಸಾರಿನಲ್ಲಿ ಮೆತ್ತಗಾಯಿತು. ಬೆಕ್ಕು ಮೇಜು ಹತ್ತಿ, ಅವಸರವಿಲ್ಲದೆ, ಕೋಳಿಯ ದೊಡ್ಡ ಕಾಲನ್ನೇ ಆರಿಸಿಕೊಂಡಿತು.

ಹುಡುಗನನ್ನು ನೋಡಲೆಂದೇ ಸಕ್ಕರೆಯ ನೆಪದಲ್ಲಿ ಬಂದ ಪಕ್ಕದ ಮನೆಯ ಗುಲಾಬಿಯಕ್ಕ ಬಾಗಿಲಲ್ಲೇ ನಿಂತರು.

"ಎಂತ ಮಾರಾಯ್ರೆ, ಎಲ್ಲರೂ ಕೂತಲ್ಲೇ ನಿದ್ದೆಯಾ? ಬೆಕ್ಕಿನದ್ದು ಊಟ ಮುಗೀತಾ ಬಂತು."

ಕಣ್ಣುಗಳು ತೆರೆದವು. ಚಿತ್ತರಂಜನರ ಕಣ್ಣು ಮಾತ್ರ ಒದ್ದೆಯಾಗಿತ್ತು. ಇಷ್ಟು ಆಳವಾದ ಪ್ರಾರ್ಥನೆಯನ್ನು ತಾನು ಈವರೆಗೆ ಕೇಳಿಯೇ ಇಲ್ಲ, ಅಳಿಯ ಸಿಕ್ಕಿದ ಎಂದರು.

"ಬೇಡ ಪಪ್ಪ," ಎಂದಳು ರೇಚಲ್.

ಗುಲಾಬಿಯಕ್ಕ ಸಕ್ಕರೆ ಮರೆತು ಕುರ್ಚಿ ಎಳೆದುಕೊಂಡರು. ರೇಚಲ್ ಶೋಭಿತನತ್ತ ಬೆರಳು ತೋರಿಸಿ ಮುಂದುವರಿಸಿದಳು.

"ಯಾವುದೋ ಮನೆಯಲ್ಲಿ ಇವರು ಗೋಡೆಯ ಫೋಟೋ ನೋಡಿ 'ಯಾವಾಗ ತೀರಿಕೊಂಡರು' ಅಂತ ಕೇಳಿದರಂತೆ. ಕಾಫಿ ತಂದುಕೊಟ್ಟದ್ದೇ ಆ ಫೋಟೋದವರಂತೆ. ಅದನ್ನು ಕೇಳಿಯೇ ನಾನು ಇವರಿಗೆ ಬರಲಿಕ್ಕೆ ಹೇಳಿದ್ದು. ಈ ಮನೆಯಲ್ಲಿ ತಲೆ ಆಡಿಸಲಿಕ್ಕೆ ನಾನೊಬ್ಬಳು ಸಾಲದಾ?"

ಕುಶಲಾ ಕಾಲು ಹಿಂದೆ ತೆಗೆದರು. "ಮಾತಾಡು ಮಗಾ."

ಬೆಳಗಿನಿಂದ ಕಟ್ಟಿಟ್ಟದ್ದು ಒಮ್ಮೆಲೇ ಒಡೆಯಿತು.

"ನಾನು ಬಾಯಿ ಹಾಕುವುದು ಎಲ್ಲಿ? ನಂತೂರು ಸರ್ಕಲ್ಲಿನಲ್ಲಾದರೂ ಪೊಲೀಸ್ ಕೈ ತೋರಿಸಿದರೆ ಲಾರಿ ನಿಲ್ತದೆ. ಅಂಕಲ್ ನಿಲ್ಲುವುದೇ ಇಲ್ಲ. ಸ್ಮಶಾನ ಸಮಿತಿಗೆ ನಾನು ಒಪ್ಪಿದ್ದೇ ಅಲ್ಲಿ ಯಾರೂ ಮಾತಾಡುವುದಿಲ್ಲ ಅಂತ."

ರೇಚಲ್ ನಕ್ಕಳು. ಮೇಜು ಹಿಡಿದುಕೊಂಡು, ಕಣ್ಣೀರು ಬರುವಷ್ಟು ನಕ್ಕಳು. ಆಗಬಹುದು ಪಪ್ಪ, ಇವರೇ ಆಗಬಹುದು ಎಂದಳು. ಕುಶಲಾ ಸೆರಗು ಸರಿಮಾಡಿಕೊಂಡು, ಹಾಗಾದರೆ ಬರುವ ಆದಿತ್ಯವಾರವೇ ನಿಶ್ಚಿತಾರ್ಥ ಇಟ್ಟುಕೊಳ್ಳುವಾ ಎಂದು ಚಿತ್ತರಂಜನರತ್ತ ತಿರುಗಿದರು.

ಅಷ್ಟು ಹೊತ್ತಿನಿಂದ ಬಿಡುವಿಲ್ಲದೆ ಮಾತಾಡಿದ್ದ, ತಲೆಯಾಡಿಸುವ ಅಳಿಯನನ್ನು ಆಗಷ್ಟೇ ಕಳೆದುಕೊಂಡ ಚಿತ್ತರಂಜನರಿಗೆ ಈಗ ಒಂದೇ ಮಾತು ಸಾಕಾಯಿತು.

"ಆಗುವುದಿಲ್ಲ."